ಸಣ್ಣಮಂದಿ

ಬೆಕ್ಕು ಹಾಲು ಮುಟ್ಟಿಲ್ಲ ಎಂದು ಸತ್ಯಪ್ಪನಿಗೆ ಯಾರೂ ಹೇಳಲಿಲ್ಲ, ಅವನಾಗಿಯೇ ಕೇಳಿಸಿಕೊಂಡ. ಆ ಮನೆಯಲ್ಲಿ ಅವನಿಗೆ ಏನಾದರೂ ಗೊತ್ತಾಗುತ್ತಿದ್ದದ್ದೇ ಹಾಗೆ. ಪಾವರ್‌ಲೂಮ್ ಓಡುತ್ತಿರುವಷ್ಟು ಹೊತ್ತು ಮನೆಯ ಮುಂದೆ ಬ್ಯಾಂಡು ಬಾರಿಸಿದರೂ ತಿಳಿಯುವುದಿಲ್ಲ. ನೂಲು ಸುತ್ತಿದ ಕಂಡಿಕೆ ಖಾಲಿಯಾಗಿ ಲಾಳಿ ನಿಂತಾಗ ಮಾತ್ರ ಅಡುಗೆಮನೆಯ ಮಾತು ಮಣ್ಣಿನ ಗೋಡೆ ದಾಟಿ ಈಚೆ ಬರುತ್ತದೆ. "ಯಾಕೋ ಬಾಳ್ಯಾ, ಬ್ಯಾಡೇನು? ಕೆನಿ ಹಾಕೇನಿ ನೋಡಿಲ್ಲಿ. ಯಾರ ಮ್ಯಾಲೆ ಸಿಟ್ಟು ನಿಂದು?" ಯಶೋಧಾಳ ದನಿ ಅದು, ಅವನ ಹೆಂಡತಿಯದೇ. ಗಂಡನಿಗೆ ಚಹಾ ಕೊಡುವಾಗ ಆ ದನಿಯನ್ನು ಯಾವ ಗೂಟಕ್ಕೆ ತೂಗುಹಾಕಿ ಬರುತ್ತಾಳೋ. ಕೆನೆ ಎಂಬ ಮಾತು ಕಿವಿಗೆ ಬಿದ್ದದ್ದೇ ಸತ್ಯಪ್ಪನ ಹೊಟ್ಟೆ ಉರಿಯಿತು. ಈಚೆಗೆ ಅವನ ಚಹಾಕ್ಕೆ ಕೆನೆ ತೆಗೆದ ಹಾಲೇ ಬರುತ್ತಿತ್ತು. ಆಮೇಲೆ ಉಳಿದ ಮಾತು ಅರ್ಥವಾಯಿತು. ಬೆಕ್ಕು ಹಾಲು ಬಿಟ್ಟಿದೆ. ಅಂದರೆ ಶುರುವಾಗಿದೆ. ಹೊಸ ಕಂಡಿಕೆಯನ್ನು ಲಾಳಿಗೆ ಏರಿಸಿದ, ಮಗ್ಗದ ಗುಂಡಿ ಒತ್ತಲಿಲ್ಲ, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಬೆರಳಾಡಿಸುತ್ತ ಕಡಿದ ಎಳೆ ಹುಡುಕುವವನ ಹಾಗೆ ಬಗ್ಗಿ ನಿಂತ. ಒಂದೂ ಕಡಿದಿರಲಿಲ್ಲ.

ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸಿಗೆ ರಾಮದುರ್ಗದ ನೇಕಾರರ ಓಣಿ ಏನನ್ನುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಇನ್ನೊಬ್ಬ ಗಂಡಸಿನ ಮೇಲಾಗಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು. ಜಗಳಾಡಬಹುದಿತ್ತು, ನಾಲ್ಕು ಜನ ಹಿರಿಯರು ಕೂಡುತ್ತಿದ್ದರು, ಅವನ ಪರವಾಗಿ ಯಾರಾದರೂ ಒಂದು ಮಾತು ಆಡುತ್ತಿದ್ದರು. ಇದು ಕೆಂಚು ಬಣ್ಣದ, ಒಂದು ಕಿವಿ ಹರಿದ, ಅವನ ಮಡಿಸಿಟ್ಟ ಲುಂಗಿಯ ಮೇಲೇ ಹುಡುಕಿಕೊಂಡು ಬಂದು ಮಲಗುವ ಬೆಕ್ಕು. ಮಗಳು ಭಾಗ್ಯಾ ಬೈಲಹೊಂಗಲಕ್ಕೆ ಗಂಡನ ಮನೆಗೆ ಹೋಗುವ ಮುಂಚೆ ಎಲ್ಲಿಂದಲೋ ಉಡಿಯಲ್ಲಿ ಹಾಕಿಕೊಂಡು ಬಂದು ತಾಯಿಯ ಮಡಿಲಿಗೆ ಬಿಟ್ಟಿದ್ದಳು. "ನಾ ಹೋದ ಮ್ಯಾಲೆ ಅವ್ವಗ ಮಾತಾಡಾಕ ಯಾರರ ಬೇಕಲ್ಲ" ಅಂದಿದ್ದಳು, ಅವನ ಎದುರಿಗೇ, ಅವನು ಅಲ್ಲಿ ಜೋಳದ ಚೀಲವೋ ಏನೋ ಆಗಿ ಕೂತಿದ್ದ ಹಾಗೆ. ಯಶೋಧಾ ನಕ್ಕಳು. ಅವನೂ ನಕ್ಕ. ನಗದೆ ಏನು ಮಾಡುವುದು? ಮದುವೆಯಾದ ಹೊಸದರಲ್ಲಿ ಅವಳು ಅತ್ತೆಯ ಜೊತೆ ಮಾತಾಡುವುದನ್ನು ಗೋಡೆಯ ಈಚೆ ಕೇಳಿಸಿಕೊಳ್ಳುತ್ತಿದ್ದ, ಆಮೇಲೆ ಮಗಳ ಜೊತೆ ಆಡುವುದನ್ನು, ಈಗ ಬೆಕ್ಕಿನ ಜೊತೆ. ಅವಳಿಗೆ ಮೊಣಕಾಲು ನೋವು ಎಂಬುದು ಅವನಿಗೆ ಗೊತ್ತಾದದ್ದು ಬೆಕ್ಕಿಗೆ ಹೇಳಿದಾಗ. ಅವನೇ ನೇಯ್ದು ಉಡಿಸಿದ ಹಸಿರು ಸೀರೆಯ ಅಂಚು ಅವಳಿಗೆ ಸೇರಿರಲಿಲ್ಲ ಎಂಬುದೂ ಹಾಗೆಯೇ. ಒಂದು ದಿನ ಲಾಳಿ ನಿಂತಾಗ ಕೇಳಿಸಿತು: "ನವಿಲುತೀರ್ಥದ ಡ್ಯಾಮಿಂದ ನೀರು ಬಿಟ್ಟಾರಂತೋ ಬಾಳ್ಯಾ. ಇಷ್ಟು ಹತ್ರ ಐತಿ, ಇಷ್ಟು ವರ್ಷ ಆತು, ಒಮ್ಮೆರ ಕರಕೊಂಡು ಹೋಗಲಿಲ್ಲ ನೋಡು." ಸತ್ಯಪ್ಪ ಅದನ್ನು ಮನಸ್ಸಿನಲ್ಲಿಟ್ಟುಕೊಂಡ. ಊಟಕ್ಕೆ ಕೂತಾಗ, ಈಗಷ್ಟೇ ನೆನಪಾದವನ ಹಾಗೆ, "ನವಿಲುತೀರ್ಥಕ್ಕ ಹೋಗಿ ಬರೂಣೇನು?" ಎಂದ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಬೆಕ್ಕಿನ ಕಡೆ ನೋಡಿದಳು, ಅದೇ ಚಾಡಿ ಹೇಳಿತು ಎಂಬಂತೆ. "ಈಗ್ಯಾಕ್ರಿ, ಮಗ್ಗ ಬಿಟ್ಟು?" ಎಂದಳು. ಅಲ್ಲಿಗೆ ಮುಗಿಯಿತು. ಅವನೂ ಎರಡನೆಯ ಸಲ ಕೇಳಲಿಲ್ಲ.

ಗಂಜಿ ಹಚ್ಚಿದ ನೂಲು ಇರುವ ಮನೆಗೆ ಅವು ಬರುವುದು ತಪ್ಪುವುದಿಲ್ಲ. ಅವು ಎಂದರೆ ಯಾವುವು ಎಂದು ಆ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಓದುವವರಿಗೆ ತಿಳಿಯಲೆಂದು ಒಮ್ಮೆ ಹೇಳಬೇಕು, ಇಲಿ. ಮಗ್ಗದ ಹತ್ತಿರ ಆ ಹೆಸರು ಎತ್ತಿದರೆ ಅವು ಬೇಕಂತಲೇ ಹಾಸು ಕಡಿಯುತ್ತವೆ ಎಂದು ನಂಬಿಕೆ. ಸಣ್ಣಮಂದಿ ಎನ್ನುತ್ತಾರೆ, ಬಹುವಚನ ಕೊಟ್ಟು ಮಾತಾಡುತ್ತಾರೆ. ಔಷಧ ಇಡುವುದಂತೂ ಇನ್ನೂ ಗುಟ್ಟು. ಇಟ್ಟವರು ಇಟ್ಟೆ ಎನ್ನಬಾರದು, ಮನೆಯವರಿಗೂ ಹೇಳಬಾರದು. ಒಬ್ಬರಿಗೆ ಹೇಳಿದರೂ ಅವು ಕೇಳಿಸಿಕೊಂಡು ತಿನ್ನದೇ ಬಿಡುತ್ತವೆ. ಸತ್ಯಪ್ಪನ ತಾಯಿ ಲಗಮವ್ವ ಈಗ ದಿನವಿಡೀ ದೇವರ ಮನೆಯಲ್ಲೇ, ಆದರೂ ಈ ವಿಷಯದಲ್ಲಿ ಬಲು ಖಡಕ್ಕು. ಸೊಸೆ ಒಮ್ಮೆ ಮರೆತು ಜೋರಾಗಿ ಆ ಹೆಸರು ಅಂದಾಗ ಮುದುಕಿ ತುಟಿಯ ಮೇಲೆ ಬೆರಳಿಟ್ಟು, "ಸಾವಕಾಶ. ಕೇಳಿಸ್ಕೋತಾರ" ಎಂದಿದ್ದಳು. ಅಂಗಡಿಯಲ್ಲೂ ಅದೇ ರೀತಿ. ಸವದತ್ತಿಗೆ ನೂಲಿನ ಕೆಲಸಕ್ಕೆ ಹೋದ ಸತ್ಯಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿಯ ಮುಂದೆ ನಿಂತು, "ಮನ್ಯಾಗ ಕಾಟ ಬಾಳ ಆಗೇತ್ರಿ" ಎಂದಷ್ಟೇ ಅಂದ. ಅಂಗಡಿಯವನೂ ಹೆಸರು ಕೇಳಲಿಲ್ಲ, ನೀಲಿ ಬಿಲ್ಲೆಗಳ ಪೊಟ್ಟಣವನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟ. ಅದಕ್ಕೆ ನಾಲ್ಕು ದಿನ ಮುಂಚೆ ಸಣ್ಣಮಂದಿ ನೂಲು ಸುತ್ತಿದ ಬೀಮಿನ ಅಂಚಿನಲ್ಲಿ ಒಂದು ಗೇಣು ಹಾಸು ಕಡಿದು ಹಾಕಿದ್ದರು. ಯಶೋಧಾ ಇಡೀ ಮಧ್ಯಾಹ್ನ ಕಣ್ಣು ಕಿರಿದು ಮಾಡಿ ಎಳೆ ಎಳೆಯಾಗಿ ಗಂಟು ಹಾಕಿದಳು, ಬೆಕ್ಕು ಅವಳ ಮಡಿಲಲ್ಲಿ ನಿದ್ದೆ ಹೊಡೆಯುತ್ತಿತ್ತು. "ಬೆಕ್ಕು ಸಾಕೀದಿ ಬೆಕ್ಕು. ಕೆನಿ ತಿಂದು ತಿಂದು ಇದಕ್ಕ ಅವರ ಮಾರಿ ನೆಪ್ಪ ಹಾರೇತಿ" ಎಂದು ಅವನು ಕುಟುಕಿದ. "ಅದರ ಸುದ್ದಿಗೆ ಬರಬ್ಯಾಡ್ರಿ" ಎಂದಳು, ತಲೆ ಎತ್ತದೆ. ಅದರ ಸುದ್ದಿಗೆ. ಬಿಲ್ಲೆಗಳನ್ನು ನೂಲಿನ ಮೂಟೆಗಳ ಹಿಂದೆ ಇಡುವಾಗ ಆ ಮಾತು ಕಿವಿಯಲ್ಲಿತ್ತು. ಬೆಕ್ಕಿಗಾಗಿ ಇಡಲಿಲ್ಲ, ಅದನ್ನು ದೇವರ ಮುಂದೆ ನಿಂತೂ ಹೇಳಬಲ್ಲ. ಆದರೆ ಹೇಳಬಾರದು ಎಂಬ ಪದ್ಧತಿ ಇರುವುದು ಆವತ್ತು ಅವನಿಗೆ ಬಹಳ ಅನುಕೂಲವಾಗಿ ಕಂಡಿತು, ಇದನ್ನೂ ದೇವರ ಮುಂದೆ ಹೇಳಬೇಕಾಗುತ್ತದೆ.

ಗೂಬೆ ಬಿದ್ದದ್ದು ಆಮೇಲೆ. ಓಣಿಯ ಹಿಂದಿನ ಮುಚ್ಚಿಹೋದ ಹತ್ತಿ ಗಿರಣಿಯ ಗೋಡೆಯ ತೂತಿನಲ್ಲಿ ಒಂದು ಬಿಳಿ ಗೂಬೆ ವರ್ಷಗಟ್ಟಲೆ ಇತ್ತು. ಸಂಜೆ ಆದರೆ ಮಗ್ಗದ ಮನೆಗಳ ಹಿತ್ತಲಿನ ಮೇಲೆ ಸದ್ದಿಲ್ಲದೆ ಹಾರಾಡುತ್ತಿತ್ತು, ಹೆಂಗಸರು ಥೂ ಎಂದು ಉಗುಳುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಗಿರಣಿಯ ಮೆಟ್ಟಿಲ ಮೇಲೆ ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಕೊಕ್ಕಿನಿಂದ ರಕ್ತ ಇಳಿದು ಎದೆಯ ಬಿಳಿ ಪುಕ್ಕ ಕೆಂಪಾಗಿತ್ತು. "ಪೀಡಾ ಹೋತು ಬಿಡ್ರಿ" ಎಂದು ಪಕ್ಕದ ಮನೆಯ ವಿರೂಪಾಕ್ಷ ಕೈ ಝಾಡಿಸಿದ. ಜಾನುವಾರು ದವಾಖಾನೆಯ ಡಾಕ್ಟರು ಪ್ರಣಿತಾ, ಹೊಸದಾಗಿ ಬಂದ ಹುಡುಗಿ, ಯಾರದೋ ಎಮ್ಮೆ ನೋಡಿ ಆ ದಾರಿಯಲ್ಲಿ ಬರುತ್ತಿದ್ದವರು ಸ್ಕೂಟಿ ನಿಲ್ಲಿಸಿ ಕೆಳಗೆ ಕೂತು ಅದರ ರೆಕ್ಕೆ ಎತ್ತಿ ನೋಡಿದರು. "ಯಾರ ಮನ್ಯಾಗೋ ಔಷಧ ಇಟ್ಟಾರ್ರಿ. ಅದನ್ನ ತಿಂದ ಇಲೀನ್ನ ಈ ಗೂಗಿ ತಿಂದೈತಿ" ಎಂದರು. ಹೆಸರು ಕೇಳಿ ಇಬ್ಬರು ಮುದುಕಿಯರು ಕಿವಿ ಮುಚ್ಚಿಕೊಂಡರು. "ಕೂಡ್ಲೇ ಸಾಯೂದಿಲ್ಲ. ಒಳಗ ರಕ್ತ ಹೆಪ್ಪುಗಟ್ಟೂದು ನಿಂತಬಿಡತೈತಿ. ನಾಯಿ ತಿಂದ್ರೂ ಹಂಗ, ಬೆಕ್ಕು ತಿಂದ್ರೂ ಹಂಗ. ಹಾಕಿದವ್ರು ಇದ್ರ ಹೇಳ್ರಿ, ಯಾರೂ ಬೈಯೂದಿಲ್ಲ. ಸತ್ತಿದ್ದು ಹುಗಿಬೇಕು, ಸಾಕಿದ್ದು ಕಟ್ಟಿ ಹಾಕಬೇಕು." ಮುಂದಿನ ಸಾಲಿನಲ್ಲೇ ನಿಂತಿದ್ದ ಸತ್ಯಪ್ಪ ಗೂಬೆಯ ಕಾಲು ನೋಡುತ್ತಿದ್ದ. ಇಷ್ಟು ದೊಡ್ಡ ಹಕ್ಕಿಗೆ ಎಷ್ಟು ಸಣ್ಣ ಕಾಲು ಎಂದುಕೊಂಡ. ಯಾರೂ ಏನೂ ಹೇಳಲಿಲ್ಲ. ಹೇಳುವ ಪದ್ಧತಿಯೇ ಇಲ್ಲವಲ್ಲ.

ಮನೆಗೆ ಬಂದವನು ಯಾರೂ ಇಲ್ಲದಾಗ ಉಳಿದ ಬಿಲ್ಲೆ ಬಾಚಿ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟ. ಬಹಳ ಉಳಿದಿರಲಿಲ್ಲ. ಹೇಳಿಬಿಡಬೇಕು ಎಂದುಕೊಂಡೇ ಅಡುಗೆಮನೆಯ ಹೊಸ್ತಿಲವರೆಗೆ ಹೋದ, ನಿಜಕ್ಕೂ ಹೋದ. ಬೆಕ್ಕು ಅವಳ ಪಕ್ಕದ ಮಣೆಯ ಮೇಲೆ ಕೂತಿತ್ತು. ಅದು ಅವನ ಮಣೆ. ಅವಳು ರೊಟ್ಟಿಯ ಅಂಚು ಮುರಿದು ತುಪ್ಪಕ್ಕೆ ಅದ್ದಿ ಅದರ ಮುಂದೆ ಇಡುತ್ತಿದ್ದಳು. ಅವನನ್ನು ಕಂಡು, "ಊಟಕ್ಕ ಇನ್ನೂ ಹೊತ್ತೈತಿ" ಎಂದಳು. ಕೇಳಿದ್ದನೇ ಅವನು ಊಟ? ಹೋದ ತಿಂಗಳು ಜ್ವರ ಬಂದು ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಾಗ ಅದೇ ಹೊಸ್ತಿಲಲ್ಲಿ ನಿಂತು, "ಗುಳಿಗಿ ತಗೊಂಡ್ರೇನು?" ಎಂದು ಕೇಳಿ ಹೋಗಿದ್ದಳು, ಹಣೆ ಮುಟ್ಟಲಿಲ್ಲ. ಅದೇ ದಿನ ಬೆಕ್ಕು ಸೀನಿತೆಂದು ಸೆರಗಿನಿಂದ ಮೂಗು ಒರೆಸಿದಳು. ಸತ್ಯಪ್ಪ ಹೊಸ್ತಿಲಿಂದ ಹಿಂದೆ ಬಂದ. ಸಂಜೆ ಹಿತ್ತಲ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಬೆಕ್ಕು ಮೂಟೆಗಳ ಸಂದಿಯಿಂದ ಬಂತು, ಬಾಯಲ್ಲಿ ಒಂದು ಇತ್ತು, ಇನ್ನೂ ಜೀವ ಇತ್ತು, ಬಾಲ ನಿಧಾನವಾಗಿ ಆಡುತ್ತಿತ್ತು. ಈ ಆಲಸಿಯ ಕೈಗೆ ಸಿಕ್ಕಿದೆ ಎಂದರೆ ಅದು ಬಿಲ್ಲೆ ತಿಂದು ಓಡಲಾರದ್ದು ಎಂದು ಅವನಿಗೆ ಕೂಡಲೇ ಹೊಳೆಯಿತು. ಯಶೋಧಾ ಪಾತ್ರೆ ಬಿಟ್ಟು ಎದ್ದು ಬಂದಳು, ಒದ್ದೆ ಕೈ, ಮುಖ ಅರಳಿತ್ತು. "ನೋಡ್ರಿ ಇಲ್ಲಿ. ಏನಂದಿದ್ರಿ ನೀವು? ನನ್ನ ಬಾಳ್ಯಾ ಬ್ಯಾಟಿ ಆಡ್ಯಾನ." ಎಷ್ಟು ವರ್ಷವಾಗಿತ್ತು ಅವಳು ಅವನತ್ತ ಹಾಗೆ ನೋಡಿ. ಆ ನೋಟ ಬೆಕ್ಕಿನ ಸಲುವಾಗಿ ಬಂದದ್ದು, ಅವನ ಪಾಲಿಗೆ ಬರಿ ಎಂಜಲು. ಒಂದು ಮಾತು ಸಾಕಿತ್ತು, ಬಿಡಿಸು ಅದನ್ನ ಎಂದರೆ ಸಾಕಿತ್ತು. ಬಾಯಿ ತುಂಬ ಎಲೆಯ ರಸ. ಉಗುಳಿ ಹೇಳಬೇಕು. ಉಗುಳಲಿಲ್ಲ. ತಿನ್ನಲಿ, ಎಂದಿತು ಒಳಗಿನದು, ಎಷ್ಟು ಸ್ಪಷ್ಟವಾಗಿ ಎಂದಿತೆಂದರೆ ಬೇರೆಯವರು ಕೇಳಿಸಿಕೊಂಡರೇನೋ ಎಂದು ಅತ್ತಿತ್ತ ನೋಡಿದ. ಬೆಕ್ಕು ಕಟ್ಟೆಯ ಕೆಳಗೆ ಕೂತು ತಲೆಯಿಂದ ಶುರು ಮಾಡಿತು. ಮರುದಿನವೂ ಒಂದು ಹಿಡಿಯಿತು, ಅದರ ಮರುದಿನವೂ. ಯಶೋಧಾ ಫೋನ್ ಮಾಡಿ ಮಗಳಿಗೆ ಹೇಳಿದಳು.

"ಏನ್ರಿ" ಎಂದು ಯಶೋಧಾ ಕರೆದಾಗ, ಬೆಕ್ಕು ಹಾಲು ಬಿಟ್ಟ ಆ ದಿನ, ಅವನು ಮಗ್ಗದ ಮೇಲೆ ಬಗ್ಗಿ ಇನ್ನೂ ಕಡಿಯದ ಎಳೆ ಹುಡುಕುತ್ತಲೇ ಇದ್ದ. ಹೋಗಿ ನೋಡಿದರೆ ಬೆಕ್ಕು ಒಲೆಯ ಪಕ್ಕದಲ್ಲಿ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿತ್ತು, ಉಸಿರಿಗೆ ಪಕ್ಕೆಗಳು ಎದ್ದು ಬೀಳುತ್ತಿದ್ದವು. ಮೂಗಿನ ತುದಿಯಲ್ಲಿ ಒಂದು ಹನಿ ರಕ್ತ. ಅವಳು ಸೆರಗಿನಿಂದ ಒರೆಸಿದಳು, ಇನ್ನೊಂದು ಹನಿ ಬಂದು ಅದೇ ಜಾಗದಲ್ಲಿ ನಿಂತಿತು. "ಹಿಂಗ್ಯಾಕ ಆಗೇತ್ರಿ?" ಎಂದು ಕೇಳಿದಳು. ಅವನನ್ನೇ ಕೇಳಿದಳು, ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ. ದೇವರ ಮನೆಯಿಂದ ಲಗಮವ್ವ ಹೊರಗೆ ಬಂದು ಮಗನ ಮುಖ ನೋಡಿದಳು, ಮೂಟೆಗಳ ಕಡೆ ನೋಡಿದಳು, ಒಳಗೆ ಹೋದಳು. ಮುದುಕಿಗೆ ತಿಳಿದಿತ್ತು, ಹೇಳಬಾರದೆಂದು ಹೇಳಲಿಲ್ಲ. ಆಟೋ ಕರೆಯಲು ಓಡಿದವನು ಸತ್ಯಪ್ಪನೇ. ಓಡುವಾಗ ಒಂದು ಚಪ್ಪಲಿ ಕಳಚಿತು, ಬಿಟ್ಟೇ ಓಡಿದ. ಬೆಕ್ಕು ಬದುಕಬೇಕು ಎಂದು ಈಗ ಅವನಿಗೆ ಮನಸಾರೆ ಅನ್ನಿಸುತ್ತಿತ್ತು. ಆದರೆ ತಾನು ಹೇಳದೆ ಬದುಕಬೇಕು.

ದವಾಖಾನೆಯ ತಗಡಿನ ಮೇಜಿನ ಮೇಲೆ ಬೆಕ್ಕನ್ನು ಮಲಗಿಸಿದರು. ಡಾಕ್ಟರು ಪ್ರಣಿತಾ ಅದರ ತುಟಿ ಎತ್ತಿದರು, ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಹೊಟ್ಟೆಯ ಕೂದಲು ಸರಿಸಿದರೆ ನೇರಳೆ ಕಲೆಗಳು. "ಮನ್ಯಾಗ ಇಲಿ ಔಷಧ ಇಟ್ಟಿದ್ರೇನು?"

"ಇಲ್ರಿ" ಎಂದಳು ಯಶೋಧಾ. "ಇಟ್ಟಿದ್ರ ನನಗ ಗೊತ್ತಿರತಿತ್ತು."

ಆ ಮಾತಿನಲ್ಲಿ ಎಷ್ಟು ಭರವಸೆ ಇತ್ತೆಂದರೆ ಸತ್ಯಪ್ಪನಿಗೆ ಅವಳ ಬಗ್ಗೆ ಒಮ್ಮೆಲೇ ಕನಿಕರ ಬಂತು. ಅವನ ಮನೆ ಅವಳಿಗೆ ಗೊತ್ತಿರುವ ಮನೆ ಎಂದು ಅವಳು ತಿಳಿದಿದ್ದಳು.

"ನೋಡ್ರಿ, ಬ್ಯಾರೆ ರೋಗದಾಗೂ ಹಿಂಗ ರಕ್ತ ಬರತೈತಿ, ಅದರ ಇಲಾಜ ಬ್ಯಾರೆ" ಎಂದರು ಡಾಕ್ಟರು. "ಇಲಿ ಔಷಧದಾಗ ಕರಿ ಪುಡೀನೂ ಇರತೈತಿ, ಅದನ್ನ ತಿಂದಿದ್ರ ನನ್ನ ಕೈಯಾಗ ಏನೂ ಇಲ್ಲ. ಬಿಲ್ಲಿ ಔಷಧ ತಿಂದ ಇಲೀನ್ನ ತಿಂದಿದ್ರ ಅದಕ್ಕ ಸೂಜಿ ಐತಿ, ಈಗ ಶುರು ಮಾಡಿದ್ರ ಉಳಿಯೂ ಆಸೆ ಐತಿ. ಆದ್ರ ಇದಕ್ಕ ಚುಚ್ಚಿದಲ್ಲೆಲ್ಲಾ ರಕ್ತ ನಿಲ್ಲೂದಿಲ್ಲ. ಬರೇ ಅಂದಾಜಿನ ಮ್ಯಾಲೆ ಚುಚ್ಚಾಕ ನನಗ ಧೈರ್ಯ ಇಲ್ಲ. ಖಾತ್ರಿ ಬೇಕು. ಓಣ್ಯಾಗ ಯಾರನ್ನರ ಕೇಳಿ ನೋಡ್ರಿ, ಲಗೂನ."

ಯಶೋಧಾ ಬೆಕ್ಕಿನ ತಲೆ ಅಂಗೈಯಲ್ಲಿ ಹಿಡಿದುಕೊಂಡಿದ್ದಳು, ಮಗಳ ಬಾಣಂತನದಲ್ಲಿ ಕೂಸಿನ ತಲೆ ಹಿಡಿದಿದ್ದ ಹಾಗೆ. "ಬಾಳ್ಯಾ, ನೀನ ಹೇಳೋ, ಯಾರ ಮನ್ಯಾಗ ತಿಂದಿ?" ಎಂದು ಮೆಲ್ಲಗೆ ಕೇಳುತ್ತಿದ್ದಳು. ಸತ್ಯಪ್ಪ ಗೋಡೆಯ ಮೇಲಿನ ಹಸುವಿನ ಚಿತ್ರ ನೋಡಿದ. ಒಂದು ಕಾಲಲ್ಲಿ ಚಪ್ಪಲಿ ಇಲ್ಲದ್ದರಿಂದ ನೆಲ ತಣ್ಣಗೆ ಹತ್ತುತ್ತಿತ್ತು. ಹೇಳಿದರೆ ಬೆಕ್ಕು ಉಳಿಯುತ್ತದೆ, ಅವಳು ಹೋಗುತ್ತಾಳೆ. ಹೇಳದಿದ್ದರೆ ಬೆಕ್ಕು ಹೋಗುತ್ತದೆ, ಅವಳು ಯಾರ ಜೊತೆ ಮಾತಾಡುತ್ತಾಳೆ? ತನ್ನ ಜೊತೆಯೇ? ಇಂಥ ಹೊತ್ತಿನಲ್ಲೂ ಅದೊಂದು ಆಸೆ ಹುಳುವಿನಂತೆ ಎದ್ದು ಓಡಾಡಿತು, ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬೆಕ್ಕು ಕಣ್ಣು ತೆರೆದು ಅವನ ಕಡೆ ನೋಡಿ ಮುಚ್ಚಿಕೊಂಡಿತು. ಅದಕ್ಕೇನೂ ಅವನ ಮೇಲೆ ಸಿಟ್ಟಿರಲಿಲ್ಲ.

"ಓಣ್ಯಾಗ ಯಾರೋ ಇಟ್ಟಿರಬೇಕ್ರಿ" ಎಂದ. "ನೀಲಿ ಬಿಲ್ಲಿ ಇರತಾವಲ್ರಿ, ಅವ. ಪುಡಿ ಅಲ್ರಿ. ಖಾತ್ರಿ ಐತ್ರಿ."

ಡಾಕ್ಟರು ಅವನನ್ನು ನೋಡಿದರು. ಏನೂ ಕೇಳದೆ ಕಪಾಟು ತೆರೆದು ಸೂಜಿ ತೆಗೆದರು, ಔಷಧ ಎಳೆದರು. ತೊಡೆಯ ಚರ್ಮದಡಿ ಚುಚ್ಚಿ ಹತ್ತಿ ಒತ್ತಿ ಹಿಡಿದು, ಹಿಡಿದಲ್ಲೇ ನಿಂತು, "ನಿಮ್ಮನ್ನ ನೋಡೇನಿ ನಾನು" ಎಂದರು. "ಗಿರಣಿ ಹತ್ರ ಗೂಗಿ ಬಿದ್ದಾಗ ಮುಂದ ನಿಂತಿದ್ರಿ. ಆವತ್ತ ಹೇಳಿದ್ರ ಇಷ್ಟು ದೂರ ಬರತಿರಲಿಲ್ಲ." ಬೈಯುವ ದನಿಯಲ್ಲ. ಮುಂದಿನ ಸೂಜಿ ಯಾವಾಗ, ಗುಳಿಗೆ ಎಷ್ಟು ವಾರ, ಉಳಿದ ಬಿಲ್ಲೆ ಇದ್ದರೆ ತಂದುಕೊಡಬೇಕು, ಸತ್ತದ್ದು ಸಿಕ್ಕರೆ ಆಳವಾಗಿ ಹುಗಿಯಬೇಕು ಎಂದು ಹೇಳುತ್ತ ಹೋದರು. ಯಶೋಧಾ ತಲೆ ಎತ್ತಲಿಲ್ಲ. ಬೆಕ್ಕಿನ ಕಿವಿಯ ಹಿಂದೆ ಆಡುತ್ತಿದ್ದ ಅವಳ ಬೆರಳು ಮಾತ್ರ ನಿಂತಿತ್ತು.

ಮೂರು ದಿನ ಬೆಕ್ಕು ದವಾಖಾನೆಯ ಪೆಟ್ಟಿಗೆಯಲ್ಲಿ ಇತ್ತು, ಯಶೋಧಾ ಹಗಲೆಲ್ಲ ಅದರ ಹತ್ತಿರ ಕೂತಳು. ಮನೆಗೆ ತರುವಾಗ ಆಟೋದಲ್ಲಿ, ಬೆಕ್ಕನ್ನು ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಎದುರಿನ ರಸ್ತೆ ನೋಡುತ್ತ ಅಂದಳು. "ನೀವ ಇಟ್ಟಿದ್ರಿ."

"ಹೂಂ."

"ನನಗ ಹೇಳಲಿಲ್ಲ."

"ಹೇಳಬಾರದಲ್ಲ" ಎಂದ ಸತ್ಯಪ್ಪ. "ಅವ್ವ ಅಂತಿರತಾಳಲ್ಲ. ಯಾರಿಗೂ ಹೇಳಬಾರದಂತ."

"ಸಣ್ಣಮಂದಿ ಕೇಳಬಾರದಂತ ಹೇಳೂದಿಲ್ಲ. ನಾ ಯಾರ್ರಿ?" ಆಟೋ ಹಳ್ಳದ ಸೇತುವೆಯ ಮೇಲೆ ಕುಲುಕಾಡಿತು, ಅವಳು ಬೆಕ್ಕನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. "ಗೂಗಿ ಸತ್ತಿದ್ದು ನೋಡಿ ಬಂದಿದ್ರಿ. ಆವತ್ತ ಸಂಜೀಕ ಇದು ಹಿಡಕೊಂಡು ಬಂದಾಗ ಕಟ್ಟೀ ಮ್ಯಾಲೆ ಕುಂತಿದ್ರಿ. ನಾ ನಿಮಗ ತೋರಿಸಿದೆ."

ಅದಕ್ಕೆ ಅವನ ಹತ್ತಿರ ಯಾವ ಪದ್ಧತಿಯೂ ಇರಲಿಲ್ಲ. ನಿನ್ನ ಮ್ಯಾಲಿನ ಆಸೆಗೆ ಸುಮ್ಮನಾದೆ ಎನ್ನಬೇಕಿತ್ತೇನೋ. ಇಷ್ಟು ವರ್ಷ ಅವಳಿಗೆ ಹೇಳದ ಮಾತನ್ನು ಆಟೋದವನ ಬೆನ್ನ ಹಿಂದೆ, ಬೆಕ್ಕಿನ ಎದುರಿಗೆ ಹೇಗೆ ಹೇಳುವುದು? ಅವಳು ಅಳಲಿಲ್ಲ, ತವರಿಗೆ ಹೋಗುತ್ತೇನೆ ಎನ್ನಲಿಲ್ಲ. ಮನೆಗೆ ಬಂದು ಒಲೆ ಹಚ್ಚಿದಳು.

ಬೆಕ್ಕು ಉಳಿಯಿತು. ದಿನಾ ಬೆಣ್ಣೆಯಲ್ಲಿ ಗುಳಿಗೆ ಮುಚ್ಚಿ ತಿನ್ನಿಸುತ್ತಿದ್ದಳು, ಒಸಡಿಗೆ ಮೆಲ್ಲಗೆ ಬಣ್ಣ ಬಂತು. ಸತ್ಯಪ್ಪ ಡಬ್ಬಿಯನ್ನು ಡಾಕ್ಟರಿಗೆ ಕೊಟ್ಟು ಬಂದ. ಮೂಟೆಗಳನ್ನೆಲ್ಲ ಸರಿಸಿ ಒಣಗಿ ಬಿದ್ದಿದ್ದ ಸಣ್ಣಮಂದಿಯನ್ನು ಬಾಚಿ, ನದಿಯ ದಾರಿಯಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಹುಗಿದ. ಗಿರಣಿಯ ಗೋಡೆಯ ತೂತು ಖಾಲಿ ಇತ್ತು. ಸಂಜೆ ಹಿತ್ತಲಿನಲ್ಲಿ ನಿಂತರೆ ಕತ್ತು ತಾನಾಗಿ ಮೇಲೆ ಹೋಗುತ್ತಿತ್ತು. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು, ಚಹಾಕ್ಕೆ ಕೆನೆಯೂ ಬರತೊಡಗಿತ್ತು. ಅವಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು, ರಿ ಹಚ್ಚಿಯೇ ಮಾತಾಡುತ್ತಿದ್ದಳು. ಓಣಿಯವರು ನೋಡಿದರೆ ಏನೂ ಆಗಿಲ್ಲ ಎನ್ನಬೇಕು. ಅವನಿಗೂ ಒಂದೊಂದು ಸಲ ಹಾಗೇ ಅನ್ನಿಸಿ, ಮಗ್ಗದ ಮುಂದೆ ಕೂತು, ನವಿಲುತೀರ್ಥಕ್ಕೆ ಈ ಸಲ ಖಂಡಿತ ಕರೆದುಕೊಂಡು ಹೋಗಬೇಕು, ಬೆಕ್ಕನ್ನೂ ಬುಟ್ಟಿಯಲ್ಲಿ ಹಾಕಿಕೊಂಡರಾಯಿತು ಎಂದು ಲೆಕ್ಕ ಹಾಕುತ್ತಿದ್ದ.

ಒಂದು ಮಧ್ಯಾಹ್ನ ಹೀಗೆ ಲೆಕ್ಕ ಹಾಕುತ್ತಿದ್ದಾಗ ಅಡುಗೆಮನೆಯಲ್ಲಿ ಅವಳ ತುಟಿ ಆಡುತ್ತಿರುವುದು ಬಾಗಿಲ ಸಂದಿಯಿಂದ ಕಂಡಿತು. ಬೆಕ್ಕು ಅವಳ ಮಡಿಲಲ್ಲಿ ಮುಖ ಮೇಲೆ ಮಾಡಿ ಕೂತಿತ್ತು. ಬಹಳ ದಿನದ ಮೇಲೆ ಅವಳ ಮುಖ ಬಿಚ್ಚಿಕೊಂಡಿತ್ತು, ಕೈ ಬೇರೆ ಆಡಿಸುತ್ತಿದ್ದಳು, ಏನೋ ದೊಡ್ಡ ಸುದ್ದಿಯೇ ಇರಬೇಕು. ಸತ್ಯಪ್ಪನ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು, ಅದರ ಜೊತೆಗೆ ಹಳೆಯ ಆಸೆಯೂ. ಭಾಗ್ಯಾಳ ಸುದ್ದಿಯೋ? ಮೊಣಕಾಲು ನೋವೋ? ತನ್ನ ಬಗ್ಗೆಯೋ? ಬೈದರೂ ಚಿಂತೆಯಿಲ್ಲ, ಕೇಳಬೇಕು. ಕಂಡಿಕೆಯಲ್ಲಿ ಇನ್ನೂ ನೂಲಿತ್ತು. ಎಳೆ ಕಡಿದ ಹಾಗೆ ಮಾಡಿ ಗುಂಡಿ ಒತ್ತಿದ. ಮಗ್ಗ ನಿಂತಿತು.

ಅಡುಗೆಮನೆಯ ಮಾತೂ ನಿಂತಿತು. ಅವನು ಮಗ್ಗದ ಹಿಂದೆ ಬಗ್ಗಿ, ಗೋಡೆಗೆ ಕಿವಿಗೊಟ್ಟು ಕೂತ. ಬೆಕ್ಕು ಒಮ್ಮೆ ಮಿಯಾಂವ್ ಎಂದಿತು, ಮುಂದೆ ಹೇಳು ಎಂಬಂತೆ.

"ಸಾವಕಾಶ" ಎಂದಳು ಯಶೋಧಾ, ಬೆಕ್ಕಿಗೆ. "ಕೇಳಿಸ್ಕೋತಾರ."

ಸತ್ಯಪ್ಪ ಎದ್ದು ಮಗ್ಗ ಚಾಲೂ ಮಾಡಿದ.